ಊರಿನ ಗ್ರಂಥಾಲಯ ನಮ್ಮದೇ ಸೊತ್ತು
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಗೊಬ್ಬರ, ಸಾಲದ ಮಾತು ಸಾಕಷ್ಟಾಯಿತು. ನಾವು ಪುಸ್ತಕದ ಬಗ್ಗೆ ಎರಡು ಮಾತು ಹೇಳುತ್ತೇವೆ.

ನಡಿಕೇರಿಯಂಡ ಚಿಣ್ಣಪ್ಪನವರು ಹಿರಿಯರ ಬಾಯಿಂದ ಹಾಡು ಕೇಳಿ ಬರೆದು, 1924ರಲ್ಲಿ 'ಪಟ್ಟೋಲೆ ಪಳಮೆ' ಅಚ್ಚು ಹಾಕಿಸಿದರು. ಇಲ್ಲದಿದ್ದರೆ ಎಷ್ಟೋ ಹಾಡು ಹಾಡಿದವರ ಜೊತೆಗೇ ಹೋಗುತ್ತಿತ್ತು. ಆದರೆ ಬರೆದಿಟ್ಟರೆ ಸಾಲದು, ಬಡವನ ಕೈಗೂ ಸಿಗಬೇಕು. ಅದಕ್ಕೇ ಗ್ರಂಥಾಲಯ.

ಕೊಡಗು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಯಿತು. ಮನೆ ಕಂದಾಯದ ಜೊತೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಕಟ್ಟುವುದು ಈ ಕಾಯ್ದೆಯಿಂದಲೇ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ 'ಅರಿವು ಕೇಂದ್ರ' ಎನ್ನುತ್ತಾರೆ.

ಅಂದ ಮೇಲೆ ಅಲ್ಲಿನ ಪುಸ್ತಕ ಯಾರೋ ಕೊಟ್ಟ ದಾನವಲ್ಲ, ನಮ್ಮದೇ ದುಡ್ಡು. ಮಹಾಸಭೆಯಲ್ಲಿ ಸಂಘದ ಲೆಕ್ಕ ಕೇಳುತ್ತೇವಲ್ಲ, ಹಾಗೇ ಗ್ರಾಮಸಭೆಯಲ್ಲಿ ಕೇಳೋಣ: ಕರ ಎಷ್ಟು ಬಂತು, ಪುಸ್ತಕ ಎಷ್ಟು ಬಂತು? ಕೇಳುವ ಮೊದಲು ನಾವೂ ಒಳಗೆ ಕಾಲಿಡಬೇಕು. ಓದುವವರಿಲ್ಲದ ಗ್ರಂಥಾಲಯಕ್ಕೆ ಬೀಗ ಬೀಳಲು ಬಹಳ ದಿನ ಬೇಡ.

ಆಟಿ ತಿಂಗಳ ಜಡಿಮಳೆಯಲ್ಲಿ ಕರೆಂಟು ಹೋಗುತ್ತದೆ, ಮೊಬೈಲೂ ಸತ್ತಿರುತ್ತದೆ. ಆವಾಗ ನಮ್ಮ ಮಕ್ಕಳ ಕೈಯಲ್ಲಿ ಒಂದು ಪುಸ್ತಕ ಇರಲಿ.