ಯಂತ್ರಕ್ಕಿಂತ ಮೊದಲು ಒಂದು ನೋಟುಬುಕ್ಕು

ಕಾರವಾರದಿಂದ ಮಡಗಾಂವಿಗೆ ರಸ್ತೆಯ ದಾರಿಯಲ್ಲಿ ಹೋಗಿ ಬರುವವರು ನಿಮ್ಮಲ್ಲಿ ಅನೇಕರಿದ್ದೀರಿ. ಮಾಜಾಳಿ ದಾಟಿ, ಪೋಳೆಂ ಗಡಿ ಕಳೆದು, ಕಾಣಕೋಣ ಹಿಂದೆ ಬಿಟ್ಟು, ಕರಮಲ ಘಟ್ಟ ಇಳಿದರೆ ಬಾಳ್ಳಿ. ಅದನ್ನು ದಾಟಿದರೆ ಕುಂಕಳ್ಳಿ. ಕೆಲವರು ಅಲ್ಲಿನ ಕೈಗಾರಿಕಾ ವಸಾಹತಿಗೆ ಕೆಲಸಕ್ಕೆ ಹೋಗುತ್ತೀರಿ, ಕೆಲವರು ಹತ್ತಿರದ ಫಾತರ್ಪೆಗೆ ದೇವಿಯ ದರ್ಶನಕ್ಕೆ ಹೋಗುತ್ತೀರಿ. ಆ ಊರನ್ನು ಕಣ್ಣ ಮುಂದಿಟ್ಟುಕೊಂಡು ಇಂದು ಒಂದು ವಿಷಯ ಹೇಳಬೇಕೆಂದಿದ್ದೇನೆ. ಸಣ್ಣ ಊರಿನ ಒಂದು ವಾಚನಾಲಯ ತನ್ನ ಊರಿನ ಹಳೆಯ ಕಾಗದಪತ್ರಗಳನ್ನು, ಚಿತ್ರಗಳನ್ನು ಗಣಕಯಂತ್ರದಲ್ಲಿ ಕೂಡಿಡಬೇಕೆಂದರೆ ಎಲ್ಲಿಂದ ಶುರುಮಾಡಬೇಕು?

ಈ ಪ್ರಶ್ನೆಗೆ ಕುಂಕಳ್ಳಿಯೇ ಏಕೆ ಎಂದು ನೀವು ಕೇಳಬಹುದು. 1583ರ ಜುಲೈ ತಿಂಗಳಿನಲ್ಲಿ ಅಲ್ಲೊಂದು ಘೋರ ಘಟನೆ ನಡೆಯಿತು. ದೇವಸ್ಥಾನಗಳನ್ನು ಕೆಡವಿದ್ದರಿಂದ ಊರು ಕುದಿಯುತ್ತಿತ್ತು. ಚರ್ಚಿಗೆ ಜಾಗ ನೋಡಲು ಬಂದ ಜೆಸುಯಿಟ್ ಸಂಘದ ಐವರನ್ನೂ ಅವರ ಸಂಗಡಿಗರನ್ನೂ ಊರವರು ಕೊಂದರು. ಆ ಐವರಲ್ಲಿ ಅಕ್ಬರನ ಆಸ್ಥಾನದಲ್ಲಿದ್ದು ಬಂದ ರೊಡೋಲ್ಫೊ ಅಕ್ವಾವಿವಾ ಒಬ್ಬರು. ಆಮೇಲೆ ಊರಿನ ನಾಯಕರನ್ನು ಸಂಧಾನಕ್ಕೆಂದು ಅಸೋಳ್ಣೆಯ ಕೋಟೆಗೆ ಕರೆಸಿ ಪೋರ್ಚುಗೀಸರು ಕೊಂದರು. ಹದಿನಾರು ಜನರಲ್ಲಿ ಒಬ್ಬ ಮಾತ್ರ ಹೊಳೆಗೆ ಹಾರಿ ನಮ್ಮ ಕಾರವಾರದ ಕಡೆಗೆ ಪಾರಾದನೆಂದು ಹೇಳಿಕೆ ಇದೆ.

ಈಗ ಗಮನಿಸಿ. ಸತ್ತ ಪಾದ್ರಿಗಳ ಹೆಸರು, ಹುಟ್ಟೂರು, ಮನೆತನ ಎಲ್ಲವೂ ನಮಗೆ ಗೊತ್ತು. ಅವರ ಸಂಘದವರು ಪತ್ರ ಬರೆದರು, ಪ್ರತಿ ತೆಗೆದರು, ಜೋಪಾನ ಮಾಡಿದರು. 1893ರಲ್ಲಿ ಚರ್ಚು ಆ ಐವರನ್ನು ಪುನೀತರೆಂದು ಘೋಷಿಸುವಾಗ ಆ ಕಾಗದಗಳು ಕೈಗೆ ಸಿಕ್ಕವು. ಊರಿನವರ ಕಡೆಯ ಮಾತು ಹಾಗೆ ಬರೆದು ಉಳಿಯಲಿಲ್ಲ. ಅದು ಉಳಿದದ್ದು ಬಾಯಿಮಾತಿನಲ್ಲಿ ಮತ್ತು ಉತ್ಸವದಲ್ಲಿ. ಶಾಂತಾದುರ್ಗಾ ಕುಂಕಳ್ಳಿಕಾರೀಣ್ ದೇವಿ ಆ ಕಾಲದಲ್ಲಿ ಊರು ಬಿಟ್ಟು ಫಾತರ್ಪೆಯಲ್ಲಿ ನೆಲೆಸಿದಳು. ಪ್ರತಿ ವರ್ಷ ಫಾಲ್ಗುಣ ಶುದ್ಧ ಪಂಚಮಿಯಂದು ಹನ್ನೆರಡು ಮನೆತನಗಳ ಹನ್ನೆರಡು ಬಣ್ಣದ ಛತ್ರಿಗಳೊಡನೆ ಮೆರವಣಿಗೆಯಲ್ಲಿ ಕುಂಕಳ್ಳಿಗೆ ಬಂದು ಹೋಗುತ್ತಾಳೆ. ಆ ಛತ್ರಿಗಳೇ ಊರಿನ ದಾಖಲೆ. ಆದರೆ ಛತ್ರಿ ಎಲ್ಲವನ್ನೂ ಹೇಳುವುದಿಲ್ಲ. ಯಾವ ನಾಯಕ ಏನು ಮಾತಾಡಿದ, ಯಾರ ಮನೆಯ ಮಕ್ಕಳು ಎಲ್ಲಿಗೆ ಓಡಿದರು ಎಂಬುದನ್ನು ಇಂದು ಹುಡುಕಲು ಹೋದರೆ ಎದುರು ಪಕ್ಷದವರ ಕಾಗದವೇ ಆಧಾರ.

ಹಾಗೆಂದು ಗೋವೆಯಲ್ಲಿ ದಾಖಲೆಗಳಿಗೆ ಬಡತನವಿಲ್ಲ. ಅಲ್ಲಿನ ಸರಕಾರಿ ದಾಖಲೆ ಭಂಡಾರ 1595ರಷ್ಟು ಹಳೆಯದು. ಇತಿಹಾಸಕಾರ ದಿಯೋಗೊ ದೊ ಕೌತೊ ಅದರ ಮೊದಲ ಪಾಲಕ. ಪಣಜಿಯ ಸಾರ್ವಜನಿಕ ಗ್ರಂಥಾಲಯ 1832ರಲ್ಲಿ ಆರಂಭವಾಯಿತು. ಇಂದು ಅದು ಕೃಷ್ಣದಾಸ ಶಾಮಾ ಅವರ ಹೆಸರಿನಲ್ಲಿದೆ. ಹಳೆಯ ಪುಸ್ತಕ, ಪತ್ರಿಕೆಗಳನ್ನು ಗಣಕಕ್ಕೆ ಏರಿಸುವ ಕೆಲಸ ಅಲ್ಲಿ ನಡೆದಿದೆ. ದೊಡ್ಡ ಸಂಸ್ಥೆಗಳ ಕೆಲಸ ದೊಡ್ಡದೇ. ಆದರೆ ನಿಮ್ಮ ಅಜ್ಜಿಯ ಪೆಟ್ಟಿಗೆಯ ಒಳಗೆ ಏನಿದೆಯೆಂದು ಪಣಜಿಗೂ ಗೊತ್ತಿಲ್ಲ, ಬೆಂಗಳೂರಿಗೂ ಗೊತ್ತಿಲ್ಲ. ಅದು ಗೊತ್ತಾಗುವುದು ನಿಮ್ಮ ಊರಿನ ವಾಚನಾಲಯಕ್ಕೆ ಮಾತ್ರ.

ಸಾಮಾನ್ಯವಾಗಿ ನಾವು ಏನು ಮಾಡುತ್ತೇವೆ? ಯಾರೋ ದಾನಿಗಳು ಸಿಗುತ್ತಾರೆ. ಸ್ಕ್ಯಾನರ್ ಬರುತ್ತದೆ, ಹೂವಿನ ಹಾರ ಬೀಳುತ್ತದೆ, ಕಪಾಟಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಯಂತ್ರದಡಿ ಇಡುತ್ತೇವೆ. ಮೂರು ತಿಂಗಳಾದ ಮೇಲೆ ಸಾವಿರಾರು ಚಿತ್ರಗಳಿರುತ್ತವೆ, ಯಾವುದು ಏನೆಂದು ಹೇಳುವವರಿರುವುದಿಲ್ಲ. ಆದ್ದರಿಂದ ನನ್ನ ಸಲಹೆ ಇಷ್ಟೆ: ಯಂತ್ರ ಕೊಳ್ಳುವ ಮೊದಲು ಎರಡು ನೂರು ಪುಟದ ಒಂದು ನೋಟುಬುಕ್ಕು ಕೊಳ್ಳಿ.

ಆ ನೋಟುಬುಕ್ಕು ಹಿಡಿದು ನಾಲ್ಕು ಭಾನುವಾರ ಊರಿನ ಮನೆ ಮನೆಗೆ ಹೋಗಿ. ಏನೇನಿದೆ, ಎಷ್ಟಿದೆ, ಯಾವ ಸ್ಥಿತಿಯಲ್ಲಿದೆ ಎಂದು ಬರೆದುಕೊಳ್ಳಿ. ಭಜನಾ ಮಂಡಳಿಯ ಲೆಕ್ಕದ ಪುಸ್ತಕ, ನಾಟಕದ ಮತ್ತು ತಿಯಾತ್ರದ ಕರಪತ್ರ, ಮದುವೆಯ ಕರೆಯೋಲೆ, ಮುಂಬಯಿಯಿಂದಲೋ ಕೊಲ್ಲಿಯಿಂದಲೋ ಬಂದ ಪತ್ರ, ದುಡಿಯಲು ಹೋದ ಊರಿನಲ್ಲಿ ನಮ್ಮವರು ಕಟ್ಟಿದ ಕನ್ನಡ ಸಂಘದ ಸಭೆಯ ಟಿಪ್ಪಣಿ, ಶಾಲೆಯ ಗುಂಪು ಚಿತ್ರ. ಆಮೇಲೆ ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಹಾಕಿ. ಇದು ಬೇರೆಲ್ಲೂ ಇಲ್ಲವೇ? ಇದು ಹಾಳಾಗುವ ಹಂತದಲ್ಲಿದೆಯೇ? ನಾಳೆ ಯಾರಿಗಾದರೂ ಇದು ಬೇಕಾದೀತೇ? ಮೂರಕ್ಕೂ ಹೌದು ಎಂಬ ಉತ್ತರ ಬಂದದ್ದನ್ನು ಮೊದಲು ತೆಗೆದುಕೊಳ್ಳಿ. ಅಚ್ಚಾದ ಗೆಜೆಟಿಯರು ಹತ್ತು ಕಡೆ ಸಿಗುತ್ತದೆ, ಅದು ಕಾಯಲಿ.

ಎರಡನೆಯ ಮಾತು ಲಿಪಿಯದು. ನಾವು ಗಡಿಯ ಜನ. ನಮ್ಮ ಪೆಟ್ಟಿಗೆಗಳಲ್ಲಿ ಕನ್ನಡವೂ ಇರುತ್ತದೆ, ಮೋಡಿಯೂ ಇರುತ್ತದೆ, ರೋಮಿ ಕೊಂಕಣಿಯೂ ಇರುತ್ತದೆ. ಗೋವೆಯಲ್ಲಿ ಹಿಂದೆ ಗೋಯ್‌ಕಾನಡಿ ಎಂಬ ಲಿಪಿ ಇತ್ತು. ಹೆಸರೇ ಹೇಳುವಂತೆ ಅದು ನಮ್ಮ ಕನ್ನಡ ಲಿಪಿಯ ನೆಂಟ. ಗಾಂವಕಾರಿಗಳ, ಅಂದರೆ ಗ್ರಾಮಸಂಸ್ಥೆಗಳ, ಭೂಮಿಯ ಲೆಕ್ಕ ಅದರಲ್ಲಿ ಬರೆಯುತ್ತಿದ್ದರು. ಇಂದು ಅದನ್ನು ಓದಬಲ್ಲವರು ಬೆರಳೆಣಿಕೆಯಷ್ಟು. ಆದ್ದರಿಂದ ಓದಲು ಬರಲಿಲ್ಲವೆಂದು ಯಾವ ಕಾಗದವನ್ನೂ ರದ್ದಿಗೆ ಹಾಕಬೇಡಿ. ‘ಲಿಪಿ ತಿಳಿಯದು, ಇಂಥ ಮನೆಯಲ್ಲಿ ದೊರೆತದ್ದು’ ಎಂದು ಬರೆದಿಟ್ಟರೂ ಸಾಕು. ನಮ್ಮ ಕಡೆಯ ಕಡತಗಳೂ ಹಾಗೆಯೇ. ಬಟ್ಟೆಗೆ ಕಪ್ಪು ಬಳಿದು, ಮಡಿಚಿ, ಬಳಪದಿಂದ ಬರೆದವು. ಧೂಳು ಒರೆಸಲು ಹೋದರೆ ಅಕ್ಷರವೇ ಹೋದೀತು. ಮುಟ್ಟುವ ಮೊದಲು ಚಿತ್ರ ತೆಗೆಯಿರಿ.

ಊರಿನ ಹೆಸರುಗಳನ್ನೂ ಎರಡೆರಡು ಬಗೆಯಲ್ಲಿ ಬರೆಯಿರಿ. ನಮಗೆ ಕುಂಕಳ್ಳಿ, ಪೋರ್ಚುಗೀಸರ ಕಾಗದದಲ್ಲಿ ಕುಂಕೋಲಿಂ. ಒಂದೇ ಹೆಸರು ಹಾಕಿದರೆ ಇನ್ನೊಂದು ಹೆಸರಿನಿಂದ ಹುಡುಕುವವನಿಗೆ ನಿಮ್ಮ ಸಂಗ್ರಹ ಇದ್ದೂ ಇಲ್ಲದಂತೆ.

ಮೂರನೆಯದು ಒಪ್ಪಿಗೆ. ಮನೆಯವರ ಕಾಗದವನ್ನು ಹೊತ್ತುಕೊಂಡು ಹೋಗಬೇಡಿ. ಅವರ ಜಗಲಿಯಲ್ಲೇ ಕುಳಿತು ಪ್ರತಿ ತೆಗೆದು, ಮೂಲವನ್ನು ಕೈಗೆ ಕೊಟ್ಟು ಬನ್ನಿ. ಯಾರಿಗೆ ತೋರಿಸಬಹುದು, ಯಾವುದನ್ನು ತೋರಿಸಬಾರದು ಎಂದು ಅವರ ಭಾಷೆಯಲ್ಲೇ ಬರೆದು ಸಹಿ ಪಡೆಯಿರಿ. ಆಸ್ತಿಯ ತಕರಾರು, ಸಾಲದ ಪತ್ರ, ಕಾಯಿಲೆಯ ಸುದ್ದಿ ಇವು ಬದುಕಿರುವವರನ್ನು ನೋಯಿಸಬಲ್ಲವು. ಕೂಡಿಡುವುದು ಬೇರೆ, ಎಲ್ಲರಿಗೂ ತೆರೆದಿಡುವುದು ಬೇರೆ. ಪುಸ್ತಕಗಳಿಗೆ ಕಾನೂನೂ ಇದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ ಅರವತ್ತು ವರ್ಷಗಳವರೆಗೆ ಕೃತಿಯ ಹಕ್ಕು ಇರುತ್ತದೆ.

ಪ್ರತಿ ತೆಗೆಯುವುದು ಇವೆಲ್ಲವುಗಳಿಗಿಂತ ಸುಲಭ. ಪತ್ರಗಳಿಗೆ ಒಳ್ಳೆಯ ಮೊಬೈಲು ಫೋನೂ ಸಾಕು. ಕಿಟಕಿಯ ಬೆಳಕು ಬೇಕು, ಫ್ಲಾಶು ಬೇಡ. ಸ್ಕ್ಯಾನರ್ ಇದ್ದರೆ ಅಚ್ಚಿನ ಪುಟಕ್ಕೆ ಅಂಗುಲಕ್ಕೆ 300 ಚುಕ್ಕೆ, ಸಣ್ಣ ಚಿತ್ರಗಳಿಗೆ 600. ಮೊದಲು ತೆಗೆದ ಪ್ರತಿಯನ್ನು ತಿದ್ದದೆ ಹಾಗೆಯೇ ಇಟ್ಟು, ನೋಡಲು ಬೇರೊಂದು ಚಿಕ್ಕ ಪ್ರತಿ ಮಾಡಿಕೊಳ್ಳಿ. ಒಂದೊಂದಕ್ಕೂ ನೋಟುಬುಕ್ಕಿನ ಕ್ರಮಸಂಖ್ಯೆಯನ್ನೇ ಹೆಸರಾಗಿ ಕೊಡಿ.

ಕಷ್ಟವಿರುವುದು ಉಳಿಸುವುದರಲ್ಲಿ. ಇಪ್ಪತ್ತೈದು ಮೂವತ್ತು ವರ್ಷಗಳ ಹಿಂದಿನ ಫ್ಲಾಪಿ ತಟ್ಟೆಯನ್ನು ಇಂದು ತೆರೆದು ನೋಡಲು ಯಂತ್ರ ಸಿಗುವುದೇ ಕಷ್ಟ. ಅದಕ್ಕಿಂತ ತಾಳೆಗರಿಯೇ ಗಟ್ಟಿ! ಆದ್ದರಿಂದ ಮೂರು ಪ್ರತಿ ಇರಲಿ. ಅದರಲ್ಲಿ ಒಂದು ಬೇರೆ ಊರಿನಲ್ಲಿರಲಿ. ಕೊಂಕಣಿ ಮರಾಠಿಯ ಹಳೆಯ ರಾಮಾಯಣ, ಭಾರತ ಕಥೆಗಳು ರೋಮನ್ ಲಿಪಿಯ ಪ್ರತಿಗಳಾಗಿ ಉಳಿದಿರುವುದು ಗೋವೆಯಲ್ಲಲ್ಲ, ಪೋರ್ಚುಗಲ್ಲಿನ ಬ್ರಾಗಾ ನಗರದ ಗ್ರಂಥಾಲಯದಲ್ಲಿ. ಬೇರೆ ಊರಿನ ಪ್ರತಿಯ ಬೆಲೆ ಇದರಿಂದ ತಿಳಿಯುತ್ತದೆ. ವರ್ಷಕ್ಕೊಮ್ಮೆ ಪ್ರತಿಗಳನ್ನು ತೆರೆದು ನೋಡಿ; ಐದು ವರ್ಷಕ್ಕೊಮ್ಮೆ ಹೊಸ ಸಾಧನಕ್ಕೆ ವರ್ಗಾಯಿಸಿ. ಈ ಕೆಲಸ ಯಾರದು, ಅದರ ಖರ್ಚು ಎಲ್ಲಿಂದ ಎಂಬುದನ್ನು ಉದ್ಘಾಟನೆಯ ಮೊದಲೇ ಸಭೆಯಲ್ಲಿ ತೀರ್ಮಾನಿಸಿ. ಮೊದಲ ವರ್ಷ ಇನ್ನೂರು ವಸ್ತುಗಳನ್ನು ಸರಿಯಾಗಿ ಮಾಡಿದರೆ ಸಾಕು.

ವಾಚನಾಲಯ ಇಲ್ಲದ ಊರಿನವರು ನಾವೇನು ಮಾಡೋಣ ಎಂದು ಕೇಳಬಹುದು. ಈ ಭಾನುವಾರ ಮನೆಯ ಹಳೆಯ ಚಿತ್ರಗಳನ್ನು ಹೊರಗೆ ತೆಗೆಯಿರಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಂತವರು ಯಾರು, ಕುಳಿತವರು ಯಾರು ಎಂದು ಕೇಳಿ. ಚಿತ್ರದ ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ, ಮೆಲ್ಲಗೆ, ಹೆಸರುಗಳನ್ನು ಬರೆಯಿರಿ. ಪೆನ್ನು ಬೇಡ, ಶಾಯಿ ಮುಂಬದಿಗೆ ಇಳಿಯುತ್ತದೆ. ಯಂತ್ರ ಇಂದಲ್ಲ ನಾಳೆ ಬರುತ್ತದೆ. ಹೆಸರು ಹೇಳುವ ಹಿರಿಯರು ನಾಳೆಯ ತನಕ ಕಾಯುತ್ತಾರೆಂದು ಹೇಳಲಾಗದು.