ಅರ್ಜಿ ಹಿಡಿದು ಗೇಟಿನವರೆಗೆ

ಕೆಲಸದ ಅರ್ಜಿಯನ್ನು ಖುದ್ದಾಗಿ ಒಯ್ದು ಕೊಡುವ ರೂಢಿ ಸಣ್ಣ ಕೈಗಾರಿಕೆಗಳಲ್ಲಿ ಇಂದಿಗೂ ಉಳಿದಿದೆ. ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ, ಶಿವಮೊಗ್ಗದ ಮಾಚೇನಹಳ್ಳಿಯಂಥ ಕಡೆ ಹತ್ತು ಹನ್ನೆರಡು ಜನ ದುಡಿಯುವ ವರ್ಕ್‌ಶಾಪ್ ಪತ್ರಿಕೆಗೆ ಜಾಹೀರಾತು ಕೊಡುವುದು ಅಪರೂಪ. ‘ಟರ್ನರ್, ಫಿಟ್ಟರ್ ಬೇಕಾಗಿದ್ದಾರೆ’ ಎಂದು ಗೇಟಿಗೊಂದು ಬೋರ್ಡು ತೂಗುಹಾಕಿದರೆ ಮುಗಿಯಿತು. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಬೇಕೆಂದು 1959ರ ಕಾಯ್ದೆ ವಿಧಿಸಿದ್ದೂ 25 ಅಥವಾ ಹೆಚ್ಚು ಮಂದಿಯಿರುವ ಖಾಸಗಿ ಸಂಸ್ಥೆಗಳಿಗೆ ಮಾತ್ರ. ಹೀಗಾಗಿ ಸಣ್ಣ ಘಟಕದ ಕೆಲಸದ ಸುದ್ದಿ ಬಾಯಿಂದ ಬಾಯಿಗೇ ಹರಡುತ್ತದೆ. ಒಳಗೆ ಪರಿಚಯಸ್ಥರಿಲ್ಲದ ಹುಡುಗ ಹುಡುಗಿಯರಿಗೆ ಅರ್ಜಿ ಹಿಡಿದು ಹೋಗುವುದೇ ನೇರ ದಾರಿ.

ಅರ್ಜಿ ಒಂದು ಪುಟ ಮೀರಬೇಕಿಲ್ಲ. ಹೆಸರು, ವಿಳಾಸ, ಮೊಬೈಲ್ ಸಂಖ್ಯೆ, ಐಟಿಐಯಲ್ಲಿ ಕಲಿತ ಟ್ರೇಡ್, ಮುಗಿಸಿದ ವರ್ಷ, ಯಾವ ಯಂತ್ರದಲ್ಲಿ ಕೈ ಪಳಗಿದೆ ಎಂಬುದು ಇದ್ದರೆ ಸಾಕು. ‘ಯಾವ ಕೆಲಸವಾದರೂ ಸರಿ’ ಎಂಬ ಸಾಲಿನಿಂದ ಮಾಲೀಕರಿಗೆ ಏನೂ ತಿಳಿಯುವುದಿಲ್ಲ. ‘ಲೇತ್‌ನಲ್ಲಿ ಥ್ರೆಡ್ ಕಟಿಂಗ್ ಬರುತ್ತದೆ, ಡ್ರಾಯಿಂಗ್ ಓದಲು ಬರುತ್ತದೆ’ ಎಂದು ಬರೆದರೆ ಎಲ್ಲಿ ನಿಲ್ಲಿಸಬಹುದೆಂದು ಅವರಿಗೆ ಕೂಡಲೇ ಹೊಳೆಯುತ್ತದೆ. ಅಂಕಪಟ್ಟಿಯ ಜೆರಾಕ್ಸ್ ಪ್ರತಿಯನ್ನು ಸಹಿ ಮಾಡಿ ಲಗತ್ತಿಸಬೇಕು. ಮೂಲಪ್ರತಿ ತೋರಿಸಲು ಜೊತೆಗಿರಲಿ, ಆದರೆ ಅದನ್ನು ಯಾರ ಬಳಿಯೂ ಬಿಟ್ಟುಬರಬಾರದು.

ಹೋಗುವ ಹೊತ್ತೂ ಮುಖ್ಯ. ಶಿಫ್ಟ್ ಬದಲಾಗುವಾಗ, ಲಾರಿಗೆ ಮಾಲು ತುಂಬುವಾಗ ಸೂಪರ್‌ವೈಸರ್‌ಗೆ ತಲೆಯೆತ್ತಲೂ ಪುರಸೊತ್ತಿರುವುದಿಲ್ಲ. ಬೆಳಗಿನ ಕೆಲಸ ಒಂದು ಹದಕ್ಕೆ ಬಂದ ಮೇಲೆ, ಚಹಾದ ಆಸುಪಾಸಿನ ವೇಳೆ ಒಳ್ಳೆಯದು. ಮೊದಲು ಎದುರಾಗುವವರು ಗೇಟಿನ ಕಾವಲುಗಾರರು. ಅವರನ್ನು ಗೌರವದಿಂದ ಮಾತಾಡಿಸಿ, ರಿಜಿಸ್ಟರಿನಲ್ಲಿ ಹೆಸರು ಬರೆದು, ಯಾರನ್ನು ಕಾಣಬೇಕೆಂದು ಕೇಳಿದರೆ ದಾರಿ ಸುಲಭವಾಗುತ್ತದೆ.

ಖುದ್ದಾಗಿ ಹೋದವರಿಗೆ ಸಿಗುವ ದೊಡ್ಡ ಲಾಭ ಒಳಗಿನ ಮೇಜಿನ ಬಳಿ ಕಾಣುತ್ತದೆ. ಸೂಪರ್‌ವೈಸರ್ ಒಂದು ಸಣ್ಣ ಶಾಫ್ಟನ್ನೂ ವರ್ನಿಯರನ್ನೂ ಕೈಗಿತ್ತು ‘ಎಷ್ಟಿದೆ ನೋಡಪ್ಪಾ’ ಎನ್ನಬಹುದು. ತಿಳಿದವರು ಮೊದಲು ದವಡೆಗಳನ್ನು ಒರೆಸಿ, ಮುಚ್ಚಿ, ಸೊನ್ನೆ ಸರಿಯಿದೆಯೇ ನೋಡುತ್ತಾರೆ. ಆಮೇಲೆ ಶಾಫ್ಟನ್ನು ಬಿಗಿಯಾಗಿ ಒತ್ತದೆ ಹಿಡಿದು, ಮುಖ್ಯ ಗೆರೆಯನ್ನೂ ಕೂಡುವ ಗೆರೆಯನ್ನೂ ಓದಿ 0.02 ಮಿಲಿಮೀಟರಿನವರೆಗೆ ಅಳತೆ ಹೇಳುತ್ತಾರೆ. ಅನುಭವಸ್ಥ ಸೂಪರ್‌ವೈಸರ್ ಉತ್ತರಕ್ಕೆ ಮೊದಲೇ ಆ ಒರೆಸುವ ಬೆರಳನ್ನು ಗಮನಿಸಿರುತ್ತಾರೆ. ಕೆಲಸದ ಮೇಲಿನ ಈ ಶ್ರದ್ಧೆಯನ್ನು ಯಾವ ಅಂಕಪಟ್ಟಿಯೂ ತೋರಿಸಲಾರದು. ಕಡಿಮೆ ಅಂಕ ಪಡೆದವರಿಗೂ ತಮ್ಮ ಕೈಚಳಕ ತೋರಲು ಇಲ್ಲಿ ಅವಕಾಶವಿದೆ.

ಅರ್ಜಿ ಕೊಡುವುದರಲ್ಲಿ ದೈನ್ಯ ಬೇಕಿಲ್ಲ. ಬಂದವರು ತಮ್ಮ ದುಡಿಮೆಯನ್ನು ಮುಂದಿಡುತ್ತಿದ್ದಾರೆ. ಅದು ಘಟಕಕ್ಕೆ ಬೇಕಾದ ವಸ್ತುವೇ. ಸಂಬಳ ಎಷ್ಟು, ಪಿಎಫ್, ಇಎಸ್‌ಐ ಉಂಟೇ ಎಂದು ವಿನಯದಿಂದ ಕೇಳುವುದು ಉದ್ಧಟತನವಲ್ಲ. 30 ಅಥವಾ ಹೆಚ್ಚು ಮಂದಿಯಿರುವಲ್ಲಿ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ನಿಯಮದಂತೆ ಕಡ್ಡಾಯವಾದ್ದರಿಂದ ಆ ಅವಕಾಶವನ್ನೂ ವಿಚಾರಿಸಬಹುದು. ಕೆಲಸ ಕೊಡಿಸಲು ಯಾರಾದರೂ ಹಣ ಕೇಳಿದರೆ ಅಲ್ಲಿಂದ ಹೊರಟುಬಿಡುವುದೇ ಕ್ಷೇಮ. ಮಾಲೀಕರಿಗೂ ಒಂದು ಹೊಣೆಯಿದೆ. ಬಸ್ಸಿಗೆ ದುಡ್ಡು ಹಾಕಿ ಬಂದವರನ್ನು ಗಂಟೆಗಟ್ಟಲೆ ನಿಲ್ಲಿಸಬಾರದು. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂದು ಅಂದೇ ಹೇಳಿ ಕಳಿಸುವುದು ಮರ್ಯಾದೆ.

ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ದಿನಾಂಕ, ಸಹಿ ಹಾಕಿಸಿಕೊಂಡು, ವಾರದ ನಂತರ ಒಮ್ಮೆ ಫೋನ್ ಮಾಡಿ ವಿಚಾರಿಸಬೇಕು. ಇಂದು ಜಾಗವಿಲ್ಲದಿದ್ದರೂ ಯಾರಾದರೂ ಕೆಲಸ ಬಿಟ್ಟ ದಿನ, ಮುಖ ನೋಡಿದ ಅರ್ಜಿದಾರರ ನೆನಪು ಬರುವುದುಂಟು. ಇಲ್ಲವೆಂಬ ಉತ್ತರ ಬಂದಾಗ ಏಕೆಂದು ಕೇಳಿ ತಿಳಿದುಕೊಳ್ಳಬೇಕು. ಸಿಎನ್‌ಸಿ ಬರುವವರೇ ಬೇಕು ಎಂದು ಗೊತ್ತಾದರೆ ಅದನ್ನು ಕಲಿತು ಹೋಗಬಹುದು. ಮುಂದಿನ ಗೇಟಿಗೆ ಒಯ್ಯುವ ಅರ್ಜಿಯಲ್ಲಿ ಒಂದು ಸಾಲು ಹೆಚ್ಚಿರುತ್ತದೆ.