ಪರದೇಶ ವ್ಯಾಪಾರವೂ ಪದವಿಯ ಆಯ್ಕೆಯೂ

ಪರದೇಶಗಳೊಡನೆ ವ್ಯಾಪಾರ ನಡೆಸಬೇಕೆಂಬ ಹಂಬಲವುಳ್ಳ ತರುಣನು ವಿಶ್ವವಿದ್ಯಾನಿಲಯದಲ್ಲಿ ಯಾವ ಪದವಿಗೆ ಓದಬೇಕು? ವಾಣಿಜ್ಯಶಾಸ್ತ್ರವನ್ನು ಆರಿಸಬೇಕೆ, 'ಇಂಟರ್‌ನ್ಯಾಷನಲ್ ಬಿಸಿನೆಸ್' ಎಂಬ ಹೊಸ ಹೆಸರಿನ ವ್ಯಾಸಂಗಕ್ಕೆ ಸೇರಬೇಕೆ, ಅಥವಾ ಫ್ರೆಂಚ್, ಜರ್ಮನ್, ಜಪಾನಿ ಮೊದಲಾದ ಒಂದು ಭಾಷೆಯನ್ನೇ ಹಿಡಿಯಬೇಕೆ? ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದೊಡನೆ ಈ ಪ್ರಶ್ನೆಯನ್ನು ಹೊತ್ತು ವಿದ್ಯಾರ್ಥಿಗಳೂ ಅವರ ತಾಯಿತಂದೆಗಳೂ ಅಧ್ಯಾಪಕರಾದ ನಮ್ಮ ಬಳಿಗೆ ಬರುವುದುಂಟು. ತರುಣನೆಂದೆವಾದರೂ ತರುಣಿಯರಿಗೂ ಈ ಮಾತು ಅಷ್ಟೇ ಸಲ್ಲುತ್ತದೆ. ಬಂದವರ ಬಾಯಲ್ಲಿ ಪ್ರಶ್ನೆಯು ಸಾಮಾನ್ಯವಾಗಿ 'ಯಾವುದಕ್ಕೆ ಬೆಲೆ ಹೆಚ್ಚು?' ಎಂಬ ರೂಪವನ್ನು ತಾಳಿರುತ್ತದೆ. ಅದನ್ನು ಸ್ವಲ್ಪ ಬೇರೆಯಾಗಿ ಕೇಳಬೇಕೆಂದು ನಮ್ಮ ಅಭಿಪ್ರಾಯ. ಕೆಲಸಕ್ಕೆ ಸೇರಿದ ಮೇಲೂ ಕಲಿಯಬಹುದಾದ ವಿದ್ಯೆ ಯಾವುದು? ಹದಿನೆಂಟರಿಂದ ಇಪ್ಪತ್ತೊಂದರೊಳಗೆ ಕಲಿಯದೆ ಹೋದರೆ ಮುಂದೆ ಕಲಿಯುವುದು ದುಸ್ತರವಾದ ವಿದ್ಯೆ ಯಾವುದು?

ವ್ಯಾಪಾರಕ್ಕೂ ಭಾಷೆಗೂ ಇರುವ ನಂಟು ಇಂದು ನಿನ್ನೆಯದಲ್ಲ. ವೆನಿಸ್ ನಗರದ ಗಣರಾಜ್ಯವು 1551ರಲ್ಲಿಯೇ ಎಳೆಯ ಹುಡುಗರನ್ನು ಕಾನ್‌ಸ್ಟಾಂಟಿನೋಪಲ್ ಪಟ್ಟಣದಲ್ಲಿರಿಸಿ ತುರ್ಕಿ ಭಾಷೆಯನ್ನು ಕಲಿಸುವ ಏರ್ಪಾಡನ್ನು ಮಾಡಿತು. ಪರರ ದುಭಾಷಿಯ ನಾಲಗೆಯ ಮೇಲೆ ತನ್ನ ಬಂಡವಾಳವನ್ನೆಲ್ಲ ಇಡುವುದು ಕ್ಷೇಮವಲ್ಲವೆಂದು ಆ ವರ್ತಕಜನಕ್ಕೆ ಮನವರಿಕೆಯಾಗಿತ್ತು. ಫ್ರಾನ್ಸಿನ ಮಂತ್ರಿ ಕೋಲ್ಬೇರನು 1669ರಲ್ಲಿ ಇದೇ ದಾರಿಯನ್ನು ಹಿಡಿದನು. ಅದೇ ದೇಶದ ಕ್ರಾಂತಿಸಭೆಯು 1795ರಲ್ಲಿ ಪ್ಯಾರಿಸಿನಲ್ಲಿ ಪೌರಸ್ತ್ಯ ಭಾಷೆಗಳ ಶಾಲೆಯೊಂದನ್ನು ಸ್ಥಾಪಿಸಿದಾಗ, ರಾಜಕಾರಣಕ್ಕೂ ವಾಣಿಜ್ಯಕ್ಕೂ ಒದಗುವ ಜೀವಂತ ಭಾಷೆಗಳನ್ನು ಕಲಿಸತಕ್ಕದ್ದೆಂದು ಶಾಸನದಲ್ಲಿಯೇ ವಿಧಿಸಿತು. ನಮ್ಮ ಕರಾವಳಿಯಲ್ಲಿಯೂ ಒಂದು ದೃಷ್ಟಾಂತವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು; ಅದೇ ಮಿಶನ್ನಿನ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದಿತು. ಕಿಟ್ಟೆಲರು ಹೆಂಚು ಮಾರುವುದಕ್ಕಾಗಿ ನಿಘಂಟನ್ನು ಬರೆದರೆಂದು ಯಾರೂ ತಿಳಿಯಬೇಕಾಗಿಲ್ಲ. ಆದರೆ ದೂರದಿಂದ ಬಂದವರು ಇಲ್ಲಿ ಬೇರೂರಬೇಕಾದರೆ ಇಲ್ಲಿನ ನುಡಿಯನ್ನು ಕಲಿಯುವುದು ಅನಿವಾರ್ಯವೆಂದು ಬಗೆದಿದ್ದರೆಂಬುದಂತೂ ಸ್ಪಷ್ಟ.

ನಮ್ಮ ದೇಶದಲ್ಲಿ ವಾಣಿಜ್ಯಶಿಕ್ಷಣವು ಈ ಜಾಡನ್ನು ಹಿಡಿಯಲಿಲ್ಲ. ಮುಂಬಯಿಯಲ್ಲಿ ಸಿಡೆನ್‌ಹ್ಯಾಮ್ ಕಾಲೇಜು 1913ರಲ್ಲಿ ಹುಟ್ಟಿತು. ಮೂರು ವರ್ಷಗಳ ತರುವಾಯ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅಂದಿನಿಂದ ವಾಣಿಜ್ಯದ ವ್ಯಾಸಂಗವು ಬಹುಮಟ್ಟಿಗೆ ಲೆಕ್ಕಪತ್ರ, ತಪಾಸಣೆ, ತೆರಿಗೆಗಳ ಕಡೆಗೇ ವಾಲಿಕೊಂಡಿದೆ. ಭಾಷೆಗಳ ಅಧ್ಯಯನವು ಸಾಹಿತ್ಯದ ಮನೆಯಲ್ಲಿ ಬೇರೆಯಾಗಿ ಕುಳಿತಿದೆ. ಒಂದು ಮನೆಯವರು ಇನ್ನೊಂದು ಮನೆಯ ಅಂಗಳವನ್ನು ತುಳಿಯುವುದು ಅಪರೂಪ. ವಿದ್ಯಾರ್ಥಿಯ ಕಷ್ಟವೆಲ್ಲ ಇಲ್ಲಿಯೇ ಇರುವುದು: ಅವನಿಗೆ ಬೇಕಾದದ್ದು ಎರಡೂ, ಆರಿಸಲು ಸಿಕ್ಕುವುದು ಒಂದು.

ಮಾತು ಬರಿಯ ತತ್ತ್ವವಾಗದಿರಲೆಂದು ಕಾಫಿಯ ಸಂಗತಿಯನ್ನು ತೆಗೆದುಕೊಳ್ಳೋಣ. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದು. ದೇಶದ ಬೆಳೆಯಲ್ಲಿ ಹೆಚ್ಚಿನ ಭಾಗ ಹೊರದೇಶಗಳಿಗೆ ಹೋಗುತ್ತದೆ. ಇಟಲಿಯು ನಮ್ಮ ಮುಖ್ಯ ಗಿರಾಕಿಗಳಲ್ಲಿ ಒಂದು. 1942ರ ಕಾಯಿದೆಯ ಪ್ರಕಾರ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಒಟ್ಟುರಾಶಿಗೆ ಒಪ್ಪಿಸುತ್ತಿದ್ದರು. ಮಾರುವ ಹೊಣೆ ಮಂಡಳಿಯದಾಗಿತ್ತು. ಬೆಳೆದವನಿಗೆ ತನ್ನ ಕಾಳು ಯಾವ ಸಮುದ್ರವನ್ನು ದಾಟಿತೆಂದು ತಿಳಿಯುವ ಅಗತ್ಯವೇ ಇರಲಿಲ್ಲ. 1992ರಿಂದ 1996ರವರೆಗೆ ಈ ಕಟ್ಟು ಹಂತಹಂತವಾಗಿ ಸಡಿಲಿತು. ಅಂದಿನಿಂದ ಬೆಳೆಗಾರನು ತನ್ನ ಇಷ್ಟಬಂದವರಿಗೆ ಮಾರಬಹುದು. ಶಕ್ತಿಯಿದ್ದರೆ ತಾನೇ ರಫ್ತು ಮಾಡಬಹುದು. ತಂದೆಯು ಕಂಡರಿಯದ ಒಂದು ಕಸಬು ಹೀಗೆ ಮಗನ ಮುಂದೆ ಬಂದು ನಿಂತಿತು.

ಈ ಕಸಬಿಗೆ ಬೇಕಾದ ತಿಳಿವಳಿಕೆ ಏನೇನು? ಮೊದಲನೆಯದು ಕರಾರಿನ ಪರಿಭಾಷೆ. ಪ್ಯಾರಿಸಿನಲ್ಲಿ ಕಚೇರಿಯುಳ್ಳ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯು 1936ರಲ್ಲಿ ಮೊದಲು ಪ್ರಕಟಿಸಿ ಆಗಾಗ ತಿದ್ದುತ್ತ ಬಂದಿರುವ 'ಇನ್‌ಕೋಟರ್ಮ್ಸ್' ಎಂಬ ನಿಯಮಾವಳಿಯ 2020ರ ಆವೃತ್ತಿಯಲ್ಲಿ ಹನ್ನೊಂದು ಪದಗಳಿವೆ. ಅವುಗಳಲ್ಲಿ ಸಿ.ಐ.ಎಫ್. ಎಂಬುದನ್ನು ನೋಡಿ. ಮಂಗಳೂರಿನಿಂದ ಇಟಲಿಯ ಟ್ರಿಯೆಸ್ಟೆ ಬಂದರಿನವರೆಗೆ ಹಡಗಿನ ಬಾಡಿಗೆಯನ್ನೂ ವಿಮೆಯನ್ನೂ ಮಾರುವವನು ತೆರುತ್ತಾನೆ. ಆದರೂ ಸರಕು ಮಂಗಳೂರಿನಲ್ಲಿ ಹಡಗನ್ನೇರಿದ ಗಳಿಗೆಯಿಂದ ನಷ್ಟದ ಹೊಣೆ ಕೊಳ್ಳುವವನದು. ಹಣ ಕೊಟ್ಟವನು ಒಬ್ಬ, ಅಪಾಯ ಹೊತ್ತವನು ಇನ್ನೊಬ್ಬ. ಹೊಸಬರು ಇಲ್ಲಿ ಎಡವುವುದು ಸಹಜ. ಎರಡನೆಯದು ಲೆಟರ್ ಆಫ್ ಕ್ರೆಡಿಟ್. ಇದರ ವ್ಯವಹಾರದಲ್ಲಿ ಬ್ಯಾಂಕು ನೋಡುವುದು ಕಾಗದಪತ್ರಗಳನ್ನು. ಮೂಟೆಯನ್ನು ಅದು ಬಿಚ್ಚಿ ನೋಡುವುದಿಲ್ಲ. ಕಾಳು ಎಷ್ಟೇ ಉತ್ತಮವಾಗಿರಲಿ, ಪತ್ರದಲ್ಲಿ ಹೇಳಿದ ವಿವರಕ್ಕೂ ಒಪ್ಪಿಸಿದ ರಸೀತಿಗೂ ತಾಳೆ ಬೀಳದಿದ್ದರೆ ಹಣ ತಡೆದು ನಿಲ್ಲುತ್ತದೆ.

ಈಗೀಗ ಮೂರನೆಯದೊಂದು ಸೇರಿದೆ. ಐರೋಪ್ಯ ಒಕ್ಕೂಟವು 2023ರಲ್ಲಿ ಮಾಡಿದ ಕಟ್ಟಳೆಯ ಮೇರೆಗೆ, 2020ನೆಯ ಡಿಸೆಂಬರ್ 31ರ ತರುವಾಯ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಬೆಳೆದ ಭೂಮಿಯ ಅಕ್ಷಾಂಶ ರೇಖಾಂಶಗಳನ್ನು ಒದಗಿಸಬೇಕು. ಅದರ ಜಾರಿಯನ್ನು 2024ರ ಕೊನೆಯಲ್ಲಿ ಮುಂದೂಡಿದ್ದು ನಿಜ. ಆದರೆ ಅಂಥ ಕಟ್ಟಳೆಗಳು ಬರುವ ದಿಕ್ಕು ಯಾವುದೆಂಬುದರಲ್ಲಿ ಸಂಶಯವಿಲ್ಲ.

ಇವೆಲ್ಲವೂ ಮಹತ್ತ್ವದ ವಿಷಯಗಳೇ. ಆದರೆ ಇವು ಬುದ್ಧಿಯುಳ್ಳ ಪದವೀಧರನು ಒಳ್ಳೆಯ ರಫ್ತುದಾರನ ಕಚೇರಿಯಲ್ಲಿ ಕುಳಿತು ಒಂದು ವರ್ಷದೊಳಗೆ ಗ್ರಹಿಸಬಹುದಾದವು. ಅಲ್ಲದೆ ನಿಯಮಗಳು ಬದಲಾಗುತ್ತ ಹೋಗುವುದರಿಂದ, ಕಾಲೇಜಿನಲ್ಲಿ ಓದಿದ್ದನ್ನು ಅಲ್ಲಿ ಮತ್ತೆ ಓದಿಯೇ ತೀರಬೇಕು. ಲೆಕ್ಕಶಾಸ್ತ್ರ, ಕರಾರಿನ ನ್ಯಾಯ, ಅರ್ಥಶಾಸ್ತ್ರ, ನಾಣ್ಯವಿನಿಮಯದ ತತ್ತ್ವ ಇವುಗಳ ಮಾತು ಬೇರೆ. ಇವು ತಳಹದಿ, ಇವನ್ನು ಗುರುಮುಖದಿಂದ ಕ್ರಮವಾಗಿ ಕಲಿಯಬೇಕು. ಸಾಧಾರಣವಾದ ಬಿ.ಕಾಂ. ಪದವಿಯು ಇವನ್ನು ಕಲಿಸುತ್ತದೆ. ಹೊಸ ಹೆಸರಿನ ಪದವಿಗಳ ಪಾಠಪಟ್ಟಿಯನ್ನು ಬಿ.ಕಾಂ. ಪಾಠಪಟ್ಟಿಯ ಪಕ್ಕದಲ್ಲಿಟ್ಟು ಓದಿರಿ. ಹಲವೆಡೆ ನಾಲ್ಕೈದು ಪತ್ರಿಕೆಗಳಿಗಿಂತ ಹೆಚ್ಚಿನ ಅಂತರ ಕಾಣುವುದಿಲ್ಲ. ಅಂತರವು ಶುಲ್ಕದಲ್ಲಿ ಕಾಣುತ್ತದೆ. ಆ ನಾಲ್ಕು ಪತ್ರಿಕೆಗಳಿಗಾಗಿ ತೋಟವನ್ನು ಅಡವಿಟ್ಟು ಸಾಲ ಎತ್ತುವುದು ವಿವೇಕವೆಂದು ನಮಗೆ ತೋರುವುದಿಲ್ಲ.

ಭಾಷೆಯ ಲೆಕ್ಕವೇ ಬೇರೆ. ಅಮೆರಿಕದ ವಿದೇಶಾಂಗ ಇಲಾಖೆಯು ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸಿದ ದೀರ್ಘ ಅನುಭವದಿಂದ ಒಂದು ಅಂದಾಜನ್ನು ಮಾಡಿದೆ. ಇಂಗ್ಲಿಷ್ ಮಾತೃಭಾಷೆಯವನು ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಲ್ಲಿ ಉದ್ಯೋಗಕ್ಕೆ ಸಾಲುವಷ್ಟು ಪ್ರಾವೀಣ್ಯವನ್ನು ಪಡೆಯಲು ಸುಮಾರು 600ರಿಂದ 750 ಗಂಟೆಗಳ ತರಗತಿ ಬೇಕು. ಜರ್ಮನ್ ಭಾಷೆಗೆ ಇನ್ನೂ ಸ್ವಲ್ಪ ಹೆಚ್ಚು. ಚೀನೀ, ಜಪಾನಿ, ಕೊರಿಯನ್, ಅರಬ್ಬಿಗಳಿಗೆ ಸುಮಾರು 2200. ಈಗ ನಮ್ಮ ಕಾಲೇಜುಗಳ ಲೆಕ್ಕವನ್ನು ಹಾಕಿ ನೋಡೋಣ. ವಾರಕ್ಕೆ ನಾಲ್ಕು ಗಂಟೆ, ವರ್ಷಕ್ಕೆ ಮೂವತ್ತು ವಾರ, ಮೂರು ವರ್ಷ: ಒಟ್ಟು 360 ಗಂಟೆ. 'ಫ್ರೆಂಚ್ ಸಹಿತ' ಎಂದು ಪ್ರಕಟಣೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚುಮಾಡಿದ ಪದವಿಯು ಫ್ರೆಂಚಿನ ಅರ್ಧದಾರಿಯಲ್ಲಿ ವಿದ್ಯಾರ್ಥಿಯನ್ನು ಇಳಿಸಿ ಹೋಗುತ್ತದೆ. ಜಪಾನಿಯಾದರೋ ಆರರಲ್ಲಿ ಒಂದು ಪಾಲೂ ಪೂರ್ತಿಯಾಗದು. ಉಳಿದ ಗಂಟೆಗಳನ್ನು ಮುಂದೆ ತುಂಬಿಸಿಕೊಳ್ಳೋಣವೆಂದರೆ, ಉದ್ಯೋಗ, ಸಂಸಾರ, ಓಡಾಟಗಳ ನಡುವೆ ಅಷ್ಟು ಬಿಡುವು ಎಷ್ಟು ಮಂದಿಗೆ ದೊರೆತೀತು?

ಪ್ರಸಂಗವಶಾತ್ ಒಂದು ಮಾತು. ಆ 2200 ಗಂಟೆಗಳು ಇಂಗ್ಲಿಷಿನವನ ಅಳತೆ. 'ನಾನು ಶಾಲೆಗೆ ಹೋಗುತ್ತೇನೆ' ಎಂಬುದನ್ನು ಜಪಾನಿಯಲ್ಲಿ 'ವತಾಶಿ ವ ಗಕ್ಕೋ ನಿ ಇಕಿಮಸು' ಎನ್ನುತ್ತಾರೆ. 'ವತಾಶಿ' ಎಂದರೆ ನಾನು, 'ಗಕ್ಕೋ' ಎಂದರೆ ಶಾಲೆ, 'ನಿ' ಎಂಬುದು ನಮ್ಮ 'ಗೆ' ಪ್ರತ್ಯಯದಂತೆಯೇ ಹೆಸರಿನ ಹಿಂದೆ ಬರುತ್ತದೆ, ಕ್ರಿಯಾಪದವು ಕೊನೆಗೆ. ಇಂಗ್ಲಿಷಿನವನು ತಲೆಕೆಳಗಾಗಿ ನಿಂತು ಕಲಿಯುವ ವಾಕ್ಯಕ್ರಮವು ಕನ್ನಡಿಗನಿಗೆ ಮನೆಯ ಮಾತಿನ ಕ್ರಮವೇ ಆಗಿದೆ. ಲಿಪಿಯ ಕಷ್ಟವೇನೋ ಉಂಟು; 2010ರಲ್ಲಿ ಜಪಾನ್ ಸರಕಾರವು ಪರಿಷ್ಕರಿಸಿದ ನಿತ್ಯಬಳಕೆಯ ಪಟ್ಟಿಯಲ್ಲಿ 2136 ಚೀನೀ ಅಕ್ಷರಗಳಿವೆ. ಆದರೂ ಇಂಗ್ಲಿಷಿನ ಮೂಲಕ ಜಪಾನಿಯನ್ನು ಕಲಿಯುವ ನಮ್ಮ ಹುಡುಗರಿಗೆ ಈ ಅನುಕೂಲವನ್ನು ಯಾರೂ ತೋರಿಸಿಕೊಡುವುದಿಲ್ಲವೆಂಬುದು ವಿಷಾದದ ಸಂಗತಿ. ಬಿಡದಿಯ ಮೋಟಾರು ಕಾರ್ಖಾನೆಯಲ್ಲಿ 1999ರಿಂದ ಜಪಾನಿನ ಸಂಬಂಧದಿಂದ ಕೆಲಸ ನಡೆಯುತ್ತಿರುವುದನ್ನು ನೆನೆದರೆ ಆ ಭಾಷೆ ನಮಗೆ ಅಷ್ಟೇನೂ ದೂರದ್ದಲ್ಲ.

ಇಂಗ್ಲಿಷ್ ಸಾಲದೇ ಎಂದು ಕೆಲವರು ಕೇಳುತ್ತಾರೆ. ಕಾಗದಪತ್ರದ ಮಟ್ಟಿಗೆ ಸಾಕು. ಐರೋಪ್ಯ ಒಕ್ಕೂಟದ ಕಟ್ಟಳೆಗಳು 24 ಭಾಷೆಗಳಲ್ಲಿ ಹೊರಬರುತ್ತವೆ, ಅವುಗಳಲ್ಲಿ ಇಂಗ್ಲಿಷೂ ಒಂದು. ಇನ್ನು ಕೆಲವರು ಕೈಯಲ್ಲಿರುವ ಫೋನನ್ನು ತೋರಿಸಿ, ಯಂತ್ರವೇ ಅನುವಾದ ಮಾಡುವಾಗ ಭಾಷೆ ಕಲಿಯುವ ಶ್ರಮವೇಕೆ ಎನ್ನುತ್ತಾರೆ. ಯಂತ್ರವು ಪತ್ರವನ್ನು ಅನುವಾದಿಸುತ್ತದೆ, ಬಹಳ ಸಲ ಚೆನ್ನಾಗಿಯೇ ಅನುವಾದಿಸುತ್ತದೆ. ಆದರೆ ಆ ಯಂತ್ರ ನಮ್ಮ ಪ್ರತಿಸ್ಪರ್ಧಿಯ ಕೈಯಲ್ಲಿಯೂ ಉಂಟಲ್ಲವೆ! ಎಲ್ಲರಿಗೂ ದೊರೆಯುವ ಅನುಕೂಲದಿಂದ ಯಾರೊಬ್ಬರಿಗೂ ವಿಶೇಷ ಲಾಭವಿಲ್ಲ. ಟ್ರಿಯೆಸ್ಟೆಯ ವರ್ತಕನು ನಮ್ಮ ಮಾದರಿ ಕಾಫಿಯನ್ನು ರುಚಿನೋಡಿ ತನ್ನ ಪಾಲುದಾರನ ಕಡೆಗೆ ತಿರುಗಿ ಆಡುವ ಎರಡು ಮಾತು ಯಾವ ಪತ್ರದಲ್ಲಿಯೂ ಬರುವುದಿಲ್ಲ. ಅದನ್ನು ಅಲ್ಲಿಯೇ ಕಿವಿಯಿಂದ ಹಿಡಿಯಬಲ್ಲವನಿಗೆ ಬೆಲೆಯ ಮಾತಿನಲ್ಲಿ ಮುಂದಿನ ಹೆಜ್ಜೆ ತಿಳಿಯುತ್ತದೆ.

ಹಾಗೆಂದು ಭಾಷೆಯೊಂದೇ ಸಾಕೆಂದು ನಾವು ಹೇಳುವುದಿಲ್ಲ. ಸರಕಿನ ಗುಣವನ್ನೂ ಲೆಕ್ಕವನ್ನೂ ಅರಿಯದ ಭಾಷಾಪಂಡಿತನು ಇನ್ನೊಬ್ಬರ ದುಭಾಷಿಯಾಗಿಯೇ ಉಳಿಯುವ ಭಯವುಂಟು. ನಮಗೆ ಎರಡು ದಾರಿಗಳು ಕಾಣುತ್ತವೆ. ಒಂದು, ಊರಿಗೆ ಸಮೀಪದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತ, ಮೊದಲನೆಯ ವರ್ಷದಿಂದಲೇ ಒಂದು ಭಾಷೆಯನ್ನು ಹೊರಗೆ ಕಲಿಯುವುದು. ಬೆಂಗಳೂರಿನಲ್ಲಿ ಫ್ರೆಂಚಿಗೆ ಆಲಿಯಾನ್ಸ್ ಫ್ರಾನ್ಸೇಸ್, ಜರ್ಮನ್ನಿಗೆ ಮ್ಯಾಕ್ಸ್ ಮುಲ್ಲರ್ ಭವನ ಇವೆ. ಇನ್ನೊಂದು, ಭಾಷೆಯನ್ನೇ ಪದವಿಗೆ ಓದಿ ವ್ಯಾಪಾರವನ್ನು ಆಮೇಲೆ ಕಲಿಯುವುದು. 1969ರಲ್ಲಿ ಸ್ಥಾಪಿತವಾದ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯದಲ್ಲಿ ಚೀನೀ, ಜಪಾನಿ, ಅರಬ್ಬಿ, ಜರ್ಮನ್ ಮೊದಲಾದ ಭಾಷೆಗಳಲ್ಲಿ ಬಿ.ಎ. ಪದವಿಯುಂಟು; ಹೈದರಾಬಾದಿನಲ್ಲಿ 1958ರಲ್ಲಿ ಇಂಗ್ಲಿಷಿಗಾಗಿ ಹುಟ್ಟಿದ ಸಂಸ್ಥೆಯು ಈಗ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾನಿಲಯವಾಗಿ ಬೆಳೆದಿದೆ. ಇತ್ತ, 1963ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ಭಾರತೀಯ ವಿದೇಶ ವ್ಯಾಪಾರ ಸಂಸ್ಥೆಯು ತನ್ನ ಎಂ.ಬಿ.ಎ. ವ್ಯಾಸಂಗಕ್ಕೆ ಯಾವ ವಿಷಯದ ಪದವೀಧರನನ್ನಾದರೂ ಪ್ರವೇಶಪರೀಕ್ಷೆಯ ಮೂಲಕ ಸೇರಿಸಿಕೊಳ್ಳುತ್ತದೆ. ವ್ಯಾಪಾರಶಾಸ್ತ್ರದ ಬಾಗಿಲು ಪದವಿಯ ನಂತರವೂ ತೆರೆದಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಓದಿನಲ್ಲಿ ಛಲವುಳ್ಳವರಿಗೆ ಎರಡನೆಯ ದಾರಿ ಮೇಲೆಂದು ನಮ್ಮ ಎಣಿಕೆ.

ಯಾವ ಭಾಷೆ ಎಂಬುದನ್ನು ಮನೆಯ ಕಸಬನ್ನೂ ಊರಿನ ಸರಕನ್ನೂ ನೋಡಿ ನಿರ್ಧರಿಸತಕ್ಕದ್ದು; ಗೆಳೆಯನು ಸೇರಿದನೆಂದು ಸೇರಬಾರದು. ಕಾಫಿಯವರ ಮಕ್ಕಳಿಗೆ ಇಟಾಲಿಯನ್ ಅಥವಾ ಜರ್ಮನ್ ಒದಗುತ್ತದೆ. ನಮ್ಮ ರೈತರು ಬೆಳೆದೂ ತಾವು ತಿನ್ನದ ಮಿಡಿಸೌತೆಯು ಸೀಸೆಗಳಲ್ಲಿ ಫ್ರಾನ್ಸ್, ಜರ್ಮನಿ, ರಷ್ಯಗಳಿಗೆ ಹೋಗುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ರೈತನ ಧಾರಣೆಯನ್ನು ಚೀನಾದ ಕಚ್ಚಾ ರೇಷ್ಮೆಯ ಆಮದು ಏರಿಳಿಸುತ್ತದೆ. ಆ ಮನೆಯ ಹುಡುಗಿಯೊಬ್ಬಳು ಚೀನೀ ಭಾಷೆಯನ್ನು ಓದಬಾರದೇಕೆ? ಅಲ್ಲಿನ ಬೆಲೆಯ ವರದಿಯನ್ನು ಮೂಲದಲ್ಲಿಯೇ ಓದಬಲ್ಲವರು ನೂಲು ಬಿಚ್ಚುವವರಲ್ಲಿ ಎಷ್ಟು ಮಂದಿ ಇದ್ದಾರು?

ಹೊರದೇಶಕ್ಕೇ ಹೋಗಿ ಓದಬೇಕೆನ್ನುವವರಿಗೂ ಭಾಷೆಯು ಹಣವನ್ನು ಉಳಿಸುತ್ತದೆ. ಜರ್ಮನಿಯ ಸರಕಾರೀ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾಶುಲ್ಕವು ಬಹುಮಟ್ಟಿಗೆ ಇಲ್ಲ. ಬಾಡನ್-ವುರ್ಟೆಂಬರ್ಗ್ ಪ್ರಾಂತವು ಮಾತ್ರ 2017ರಿಂದ ಪರದೇಶದವರಿಂದ ಅರ್ಧವರ್ಷಕ್ಕೆ 1500 ಯೂರೋ ತೆಗೆದುಕೊಳ್ಳುತ್ತದೆ. ಆದರೆ ಮೊದಲ ಪದವಿಯ ಪಾಠಗಳು ಅಲ್ಲಿ ಹೆಚ್ಚಾಗಿ ಜರ್ಮನ್ನಿನಲ್ಲಿಯೇ ನಡೆಯುತ್ತವೆ.

ಶುಲ್ಕ ಕಟ್ಟುವ ಮೊದಲು ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿರಿ: ಭಾಷೆಗೆ ಒಟ್ಟು ಎಷ್ಟು ಗಂಟೆ? ಯುರೋಪಿನವರು ಎ-1ರಿಂದ ಸಿ-2ರವರೆಗೆ ಮಾಡಿರುವ ಆರು ಮೆಟ್ಟಿಲುಗಳಲ್ಲಿ ಪದವಿಯ ಕೊನೆಗೆ ಯಾವುದನ್ನು ಮುಟ್ಟಿಸುವಿರಿ? ಪರೀಕ್ಷೆ ನಡೆಸುವವರು ಕಾಲೇಜಿನವರೇ, ಹೊರಗಿನವರೇ? ಹಿಂದಿನ ವರ್ಷ ಓದಿದವರು ಯಾವ ರಫ್ತುದಾರರಲ್ಲಿ ಕೆಲಸ ಕಲಿತರು? ಉತ್ತರವನ್ನು ಬರಹದಲ್ಲಿ ಪಡೆಯುವುದು ಮೇಲು. ತೃಪ್ತಿಕರವಾದ ಉತ್ತರ ಬಾರದಿದ್ದರೆ, ಊರಿನ ಬಿ.ಕಾಂ. ತರಗತಿಗೆ ಸೇರಿ, ಮಿಕ್ಕ ಹಣವನ್ನು ಭಾಷೆಯ ಪಾಠಕ್ಕೆ ಎತ್ತಿಡಬಹುದು.